ಕಪ್ಪ ಕೊಟ್ಟವರು ಯಾರು?

ಪ್ರಿಯ ಲೇಖಕರೇ,

‘ಹಿಮದೇಶದ ಹೆಜ್ಜೆಗಳು’ ಎಂಬ ನಿಮ್ಮ ಲೇಖನ ತಲುಪಿದೆ. ರಷ್ಯನ್ನರ ನೆಲ, ಚರಿತ್ರೆ, ಆರ್ಥಿಕತೆ, ನೆರೆಹೊರೆ ಎಲ್ಲವನ್ನೂ ಒಂದೇ ಲೇಖನದಲ್ಲಿ ಹಿಡಿಯಲು ಹೊರಟಿದ್ದೀರಿ. ಇಂಥ ವಿಷಯಕ್ಕೆ ಕನ್ನಡದಲ್ಲಿ ಕೈ ಹಾಕುವವರು ಕಡಿಮೆ. ಕಾಗುಣಿತದ ತಪ್ಪುಗಳಿಲ್ಲ, ಇಸವಿಗಳು ಸರಿಯಾಗಿವೆ, ಓದಿಸಿಕೊಂಡು ಹೋಗುತ್ತದೆ. ಇಷ್ಟು ಹೇಳಿ, ನನ್ನನ್ನು ಕೆರಳಿಸಿದ ವಿಷಯಕ್ಕೆ ಬರುತ್ತೇನೆ. ತೈಲ, ಅನಿಲ, ಸೋವಿಯತ್ ಒಕ್ಕೂಟದ ಪತನ ಇತ್ಯಾದಿ ಪುಟಗಳ ಗೊಡವೆಗೆ ನಾನು ಹೋಗುವುದಿಲ್ಲ. ನನ್ನ ತಕರಾರು ನಾಲ್ಕನೆಯ ಪುಟದ ಒಂದು ಪ್ಯಾರಾ ಮತ್ತು ಏಳನೆಯ ಪುಟದ ಒಂದು ವಾಕ್ಯದ ಮೇಲೆ.

ಪ್ಯಾರಾ ಇದು: ‘ಹದಿನಾರನೆಯ ಶತಮಾನದ ಕೊನೆಯಲ್ಲಿ ರಷ್ಯಾ ಉರಲ್ ಪರ್ವತಗಳನ್ನು ದಾಟಿತು. ಅದರ ಮುಂದೆ ನಿರ್ಜನವಾದ ಸೈಬೀರಿಯಾ ಹರಡಿಕೊಂಡಿತ್ತು. ಹಿಮವನ್ನು ಸೀಳುತ್ತಾ ರಷ್ಯಾ ಪೂರ್ವಕ್ಕೆ ಚಾಚಿತು. ಕೆಲವೇ ದಶಕಗಳಲ್ಲಿ ಶಾಂತಸಾಗರದ ಅಲೆಗಳು ಅದರ ಪಾದ ತೊಳೆದವು.’

ಮೊದಲ ವಾಕ್ಯ. ರಷ್ಯಾ ದಾಟಿತು ಎನ್ನುತ್ತೀರಿ. ದಾಟಿದವನು ಯೆರ್ಮಾಕ್ ಎಂಬವನು, ಗಡಿಸೀಮೆಯ ಸ್ವತಂತ್ರ ಹೋರಾಟಗಾರರಾದ ಕೊಸಾಕರ ಒಬ್ಬ ನಾಯಕ. ಅವನ ಜೊತೆಗಿದ್ದವರು ಕೆಲವು ನೂರು ಜನ. ಖರ್ಚು ಕೊಟ್ಟವರು ಉಪ್ಪು ಮತ್ತು ತುಪ್ಪಳದ ವ್ಯಾಪಾರದಲ್ಲಿ ಬೆಳೆದ ಸ್ತ್ರೋಗನೊವ್ ಮನೆತನದವರು. ಅತ್ತ ತ್ಸಾರ್ ನಾಲ್ಕನೆಯ ಇವಾನ್ ಪಶ್ಚಿಮದ ಗಡಿಯಲ್ಲಿ ವರ್ಷಗಟ್ಟಲೆ ಯುದ್ಧ ಮಾಡಿ ಹೈರಾಣಾಗಿದ್ದ. ಒಬ್ಬ ಸಾಹುಕಾರನ ಲೆಕ್ಕಾಚಾರ, ಒಬ್ಬ ಪುಂಡನ ಧೈರ್ಯ, ಕೆಲಸ ಕೈಗೂಡಿದ ಮೇಲೆ ಬಂದು ಸೇರಿಕೊಂಡ ಒಂದು ಸರ್ಕಾರ. ಇಷ್ಟು ಸ್ವಾರಸ್ಯದ ಸಂಗತಿಯನ್ನು ‘ದಾಟಿತು’ ಎಂದು ಮುಗಿಸಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಎರಡನೆಯ ವಾಕ್ಯ. ನಾನು ಲೇಖನವನ್ನು ಕೆಳಗಿಟ್ಟು ಎದ್ದು ಹೋದದ್ದು ಇಲ್ಲಿಯೇ. ನಿರ್ಜನವಾಗಿದ್ದ ನಾಡಿನಲ್ಲಿ ಯೆರ್ಮಾಕ್ ಯಾರ ಮೇಲೆ ಯುದ್ಧ ಮಾಡಿದ? ಅಲ್ಲಿ ಕುಚುಮ್ ಖಾನನ ರಾಜ್ಯವಿತ್ತು. 1585ರಲ್ಲಿ ಕುಚುಮನ ಕಡೆಯವರು ದಾಳಿ ಮಾಡಿದಾಗಲೇ ಯೆರ್ಮಾಕ್ ಇರ್ತಿಶ್ ನದಿಯಲ್ಲಿ ಮುಳುಗಿ ಸತ್ತದ್ದು. ಆ ಖಾನನ ಸೀಮೆಯಲ್ಲೂ ಅದರ ಆಚೆಗೂ ಖಾಂತಿ, ಮಾನ್ಸಿ, ಎವೆಂಕಿ, ಬುರಿಯಾತ್, ಸಖಾ, ಇನ್ನೂ ಪೂರ್ವಕ್ಕೆ ಹೋದರೆ ಚುಕ್ಚಿ, ಇತೆಲ್ಮೆನ್ ಜನ. ಅವರ ಸಂಖ್ಯೆ ವಿರಳವಾಗಿತ್ತು, ಒಪ್ಪುತ್ತೇನೆ. ಇಂದಿಗೂ ಸಖಾ ಗಣರಾಜ್ಯದ ವಿಸ್ತೀರ್ಣ ಭಾರತಕ್ಕಿಂತ ಸ್ವಲ್ಪವೇ ಕಡಿಮೆ, ಜನಸಂಖ್ಯೆ ಸುಮಾರು 10 ಲಕ್ಷ. ಹಾಗೆಂದು ಅಲ್ಲಿ ಯಾರೂ ಇಲ್ಲ ಎಂದು ಬರೆಯುತ್ತೀರಾ?

ಈ ತಪ್ಪು ನನ್ನನ್ನು ಇಷ್ಟು ಕಾಡಲು ಇನ್ನೊಂದು ಕಾರಣವಿದೆ. ಸೈಬೀರಿಯಾ ನಿಜವಾಗಿ ನಿರ್ಜನವಾಗಿದ್ದಿದ್ದರೆ ಮಾಸ್ಕೋಗೆ ಅದರಿಂದ ಕವಡೆಕಾಸೂ ಹುಟ್ಟುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಸೇಬಲ್ ತುಪ್ಪಳ. ಬೆಕ್ಕಿನ ಗಾತ್ರದ, ಕಡುಗಂದು ಮೈಯ ಆ ಪ್ರಾಣಿ ದಟ್ಟ ಕಾಡಿನಲ್ಲಿರುತ್ತದೆ. ತುಪ್ಪಳ ಒತ್ತಾಗಿ ಬೆಳೆಯುವುದು ಚಳಿಗಾಲದಲ್ಲಿ, ಬೇಟೆಯೂ ಆಗಲೇ. ಅದರ ಜಾಡು ಬಲ್ಲವರು ಸ್ಥಳೀಯರು. ಹೀಗಾಗಿ ಪ್ರತಿ ಪಂಗಡದ ಮೇಲೂ ‘ಯಾಸಾಕ್’ ಎಂಬ ಕಪ್ಪ ಹೇರಲಾಯಿತು: ವರ್ಷಕ್ಕೆ ಗಂಡಸೊಬ್ಬನಿಗೆ ಇಂತಿಷ್ಟು ತೊಗಲು. ಕೋಟೆಯ ಗುಮಾಸ್ತ ಯಾರು ಕೊಟ್ಟರು, ಯಾರದು ಬಾಕಿ ಎಂದು ಹೆಸರು ಹಿಡಿದು ಪುಸ್ತಕದಲ್ಲಿ ಬರೆಯುತ್ತಿದ್ದ. ತೊಗಲುಗಳನ್ನು ನಲವತ್ತರ ಕಟ್ಟುಗಳಾಗಿ ಎಣಿಸಿ ಮಾಸ್ಕೋಗೆ ಸಾಗಿಸುತ್ತಿದ್ದರು. ಬಾಕಿ ಉಳಿಯದಿರಲೆಂದು ಪಂಗಡದ ಮುಖ್ಯಸ್ಥನನ್ನೋ ಅವನ ಮಗನನ್ನೋ ಕೋಟೆಯೊಳಗೆ ಒತ್ತೆಯಾಳಾಗಿ ಇಟ್ಟುಕೊಳ್ಳುತ್ತಿದ್ದರು. ನೀವು ನಿರ್ಜನ ಎಂದ ನಾಡಿನ ಜನರ ಹೆಸರುಗಳು ತೆರಿಗೆ ಪುಸ್ತಕಗಳಲ್ಲಿ ಸಾಲು ಸಾಲಾಗಿವೆ. 1642ರಲ್ಲಿ ಸಖಾ ಜನ ಈ ಕಪ್ಪದ ಕಾಟ ತಾಳಲಾರದೆ ದಂಗೆ ಎದ್ದರು. ನಿಮ್ಮ ಲೇಖನದಲ್ಲಿ ದಂಗೆ ಏಳಲು ಯಾರೂ ಉಳಿದಿಲ್ಲ.

ಮೂರನೆಯ ವಾಕ್ಯದಲ್ಲಿ ‘ಹಿಮವನ್ನು ಸೀಳುತ್ತಾ’ ಎಂದಿದೆ. ಅವರು ಹೆಚ್ಚಾಗಿ ಸಾಗಿದ್ದು ಬೇಸಿಗೆಯಲ್ಲಿ, ದೋಣಿಯಲ್ಲಿ. ಒಂದು ಉಪನದಿಯನ್ನು ಹಿಡಿದು ಅದರ ತಲೆಯವರೆಗೆ ಹೋಗುವುದು, ಅಲ್ಲಿಂದ ಒಣನೆಲದ ಮೇಲೆ ದೋಣಿ ಮತ್ತು ಸರಕನ್ನು ಎಳೆದುಕೊಂಡು ಮುಂದಿನ ಉಪನದಿಗೆ ಇಳಿಸುವುದು. ಸೇಬಲ್ ಒಂದು ಕಣಿವೆಯಲ್ಲಿ ಮುಗಿಯುತ್ತಾ ಬಂದಂತೆ ಮುಂದಿನ ಕಣಿವೆಗೆ. ದಾರಿಯುದ್ದಕ್ಕೂ ಮರದ ಕೋಟೆಗಳು: 1586ರಲ್ಲಿ ತ್ಯುಮೆನ್, 1587ರಲ್ಲಿ ತೊಬೊಲ್ಸ್ಕ್, 1619ರಲ್ಲಿ ಯೆನಿಸೆಯ್ಸ್ಕ್, 1632ರಲ್ಲಿ ಯಾಕುತ್ಸ್ಕ್. ಈ ಇಸವಿಗಳನ್ನು ನೀವೇ ಕೊನೆಯ ಪುಟದ ಪಟ್ಟಿಯಲ್ಲಿ ಕೊಟ್ಟಿದ್ದೀರಿ. ಪಟ್ಟಿ ಅಲ್ಲಿ ಸುಮ್ಮನೆ ಬಿದ್ದಿದೆ. ಅದು ಈ ಪ್ಯಾರಾದೊಳಗೆ ಬಂದಿದ್ದರೆ ಇಷ್ಟು ಬೇಗ ಅಷ್ಟು ದೂರ ಹೇಗೆ ಹೋದರು ಎಂಬುದು ಓದುಗನಿಗೆ ತಾನಾಗಿ ತಿಳಿಯುತ್ತಿತ್ತು.

ಇನ್ನು ಪಾದ ತೊಳೆದ ಅಲೆಗಳು. ಪಾದ ತೊಳೆಯುವ ಸಮುದ್ರ ಕನ್ಯಾಕುಮಾರಿಯ ಬಗ್ಗೆ ಶಾಲೆಯ ಪ್ರಬಂಧದಲ್ಲಿ ನಾವೆಲ್ಲ ಬರೆದದ್ದು. 1639ರಲ್ಲಿ ಇವಾನ್ ಮಸ್ಕ್ವಿತಿನ್ ಎಂಬುವನು ಬೆರಳೆಣಿಕೆಯ ಕೊಸಾಕರ ಜೊತೆ ತಲುಪಿದ್ದು ಒಖೋತ್ಸ್ಕ್ ಸಮುದ್ರವನ್ನು. ಚಳಿಗಾಲದಲ್ಲಿ ಅದರ ಬಹುಭಾಗ ಹೆಪ್ಪುಗಟ್ಟುತ್ತದೆ. ದಕ್ಷಿಣಕ್ಕೆ, ಅಮೂರ್ ನದಿಯ ಕಡೆಗೆ ತಿರುಗಿದವರಿಗೆ ಚೀನಾದ ಚಿಂಗ್ ಸಾಮ್ರಾಜ್ಯ ಅಡ್ಡ ನಿಂತಿತು. 1689ರ ನೆರ್ಚಿನ್ಸ್ಕ್ ಒಪ್ಪಂದದಂತೆ ರಷ್ಯನ್ನರು ಅಮೂರ್ ಕಣಿವೆಯಿಂದ ಹಿಂದೆ ಸರಿಯಬೇಕಾಯಿತು. ಆ ಒಪ್ಪಂದದ ಮೂಲಪ್ರತಿ ಲ್ಯಾಟಿನ್‌ನಲ್ಲಿತ್ತು, ಏಕೆಂದರೆ ನಡುವೆ ದುಭಾಷಿಗಳಾಗಿದ್ದವರು ಪೀಕಿಂಗ್ ಆಸ್ಥಾನದ ಜೆಸುಯಿಟ್ ಪಾದ್ರಿಗಳು. 1727ರ ಬಳಿಕ ಗಡಿಯ ಕ್ಯಾಖ್ತಾದಲ್ಲಿ ತುಪ್ಪಳ ಆ ಕಡೆಗೆ, ಚಹಾ ಈ ಕಡೆಗೆ. ನೆರೆಹೊರೆ ಎಂಬ ಅಧ್ಯಾಯಕ್ಕೆ ನೀವು ಹುಡುಕುತ್ತಿದ್ದದ್ದು ಇದೇ ಅಲ್ಲವೇ? ನೀವು ಅಲ್ಲಿ ಗಡಿ ದೇಶಗಳು ಹದಿನಾಲ್ಕು ಎಂದು ಎಣಿಸಿ ಸುಮ್ಮನಾಗಿದ್ದೀರಿ.

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಲು ಸೇರಿದಾಗ ಅಲ್ಲೊಬ್ಬರು ಹಿರಿಯ ಉಪಸಂಪಾದಕರಿದ್ದರು. ಬಾಯಲ್ಲಿ ಸದಾ ಎಲೆಯಡಿಕೆ, ಕೈಯಲ್ಲಿ ಕೆಂಪು ಪೆನ್ಸಿಲ್. ಕ್ರಿಯಾಪದ ಕಂಡಲ್ಲೆಲ್ಲ ಅದರ ಕರ್ತೃವನ್ನು ಹುಡುಕುವುದು ಅವರ ಚಟ. ‘ಮಂಡಿಗೆ ಅಡಿಕೆ ಬಂತು’ ಎಂದು ನಾನು ಬರೆದ ಒಂದು ವರದಿಯನ್ನು ಕಣ್ಣೆದುರು ಹಿಡಿದು, ‘ನಡೆದುಕೊಂಡು ಬಂತೇ?’ ಎಂದರು. ನಗಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಮಂಡಿಗೆ ಕಳಿಸಿದರು. ಮೂಟೆ ಇಳಿಸುತ್ತಿದ್ದ ಹಮಾಲರ ಜೊತೆ, ಲಾರಿ ಚಾಲಕರ ಜೊತೆ, ಮುಂಗಡ ಪಡೆದು ಬೆಲೆ ಬರುವ ಮೊದಲೇ ಫಸಲನ್ನು ಮಾರಿಕೊಂಡಿದ್ದ ಬೆಳೆಗಾರರೊಬ್ಬರ ಜೊತೆ ಮಾತಾಡಿ ಬಂದೆ. ವರದಿ ಮೂರು ಪಟ್ಟು ಉದ್ದವಾಯಿತು. ಅವರು ಅದನ್ನು ಮತ್ತೆ ಅರ್ಧಕ್ಕಿಳಿಸಿದರು, ಆ ಬೆಳೆಗಾರರನ್ನು ಮಾತ್ರ ಮುಟ್ಟಲಿಲ್ಲ. ಮೆಚ್ಚುಗೆಯ ಮಾತು ಅವರ ಬಾಯಿಂದ ನಾನು ಎಂದೂ ಕೇಳಲಿಲ್ಲ. ಸಂಬಳವೂ ಹೇಳಿಕೊಳ್ಳುವಂತಿರಲಿಲ್ಲ. ಆದರೂ ಇವತ್ತು ನಿಮ್ಮ ‘ಚಾಚಿತು’ ಕಂಡೊಡನೆ ನನ್ನ ಕೈ ಕೆಂಪು ಪೆನ್ಸಿಲ್ಲನ್ನೇ ಹುಡುಕಿತು.

ಏಳನೆಯ ಪುಟಕ್ಕೆ ಬನ್ನಿ. ‘ರಷ್ಯಾದ ಮಹಾನದಿಗಳು ಅದರ ಆರ್ಥಿಕತೆಯ ಜೀವನಾಡಿಗಳು.’ ಯಾವ ದೇಶದ ಯಾವ ನದಿಗಾದರೂ ಅಂಟಿಸಬಹುದಾದ ವಾಕ್ಯ. ನಕ್ಷೆ ಬಿಡಿಸಿ ಓಬ್, ಯೆನಿಸೇಯ್, ಲೇನಾ ಯಾವ ಕಡೆಗೆ ಹರಿಯುತ್ತವೆ ನೋಡಿ. ಮೂರೂ ಉತ್ತರಕ್ಕೆ, ವರ್ಷದ ಬಹುಪಾಲು ಮಂಜುಗಟ್ಟಿರುವ ಆರ್ಕ್ಟಿಕ್ ಸಾಗರಕ್ಕೆ. ಜನ, ಬೆಳೆ, ಪೇಟೆ ಇರುವುದು ದಕ್ಷಿಣದ ಅಂಚಿನಲ್ಲಿ, ಪೂರ್ವ ಪಶ್ಚಿಮವಾಗಿ. ವಸಂತದಲ್ಲಿ ದಕ್ಷಿಣದ ಮಂಜು ಮೊದಲು ಕರಗುತ್ತದೆ, ಉತ್ತರದ್ದು ಹಾಗೇ ಗಟ್ಟಿಯಾಗಿರುತ್ತದೆ. ಕೊಚ್ಚಿಕೊಂಡು ಬಂದ ಮಂಜುಗಡ್ಡೆ ಸಿಕ್ಕಿಕೊಂಡು ಕಟ್ಟೆಯಾಗಿ, ನೀರು ದಡ ಮೀರಿ ಊರಿಗೆ ನುಗ್ಗುತ್ತದೆ. 2001ರ ಮೇ ತಿಂಗಳಿನಲ್ಲಿ ಲೇನಾ ದಂಡೆಯ ಲೆನ್ಸ್ಕ್ ಪಟ್ಟಣ ಹಾಳಾದದ್ದು ಹೀಗೆಯೇ. ಯಾಕುತ್ಸ್ಕ್ ಬಳಿ ಲೇನಾಗೆ ಬಹುಕಾಲ ಸೇತುವೆಯೇ ಇರಲಿಲ್ಲ: ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆಯೇ ಲಾರಿ, ನಡುವಿನ ವಾರಗಳಲ್ಲಿ ಎರಡೂ ಇಲ್ಲ. ಈ ಬೇಸರಕ್ಕೆ ಉತ್ತರವಾಗಿ ಬಂದದ್ದು 1891ರಲ್ಲಿ ಶುರುವಾದ ಟ್ರಾನ್ಸ್ ಸೈಬೀರಿಯನ್ ರೈಲು. ನದಿಗಳನ್ನು ಅಡ್ಡಹಾಯುತ್ತಾ ಹೋದ ಆ ಹಳಿ ಓಬ್ ನದಿಯನ್ನು ದಾಟಿದಲ್ಲಿ, ಸೇತುವೆ ಕಟ್ಟಲು ಬಂದವರ ಬಿಡಾರದಿಂದ ಬೆಳೆದದ್ದು ನೊವೊಸಿಬಿರ್ಸ್ಕ್, ಇಂದು ರಷ್ಯಾದ ಮೂರನೆಯ ದೊಡ್ಡ ನಗರ. ಉತ್ತರಕ್ಕೆ ‘ವ್ಯರ್ಥವಾಗಿ’ ಹರಿಯುವ ನೀರನ್ನು ಮಧ್ಯ ಏಷ್ಯಾದ ಹತ್ತಿ ಹೊಲಗಳಿಗೆ ತಿರುಗಿಸುವ ಯೋಜನೆಯನ್ನು ಸೋವಿಯತ್ ಸರ್ಕಾರ 1986ರಲ್ಲಿ ಕೈಬಿಟ್ಟಿತು. ಜೀವನಾಡಿಯ ದಿಕ್ಕನ್ನೇ ಬದಲಿಸಬೇಕೆಂದು ಯಾರಾದರೂ ಯೋಚಿಸುತ್ತಾರೆಯೇ?

ವೋಲ್ಗಾ ಬೇರೆ, ಅದಕ್ಕೆ ನಿಮ್ಮ ಮಾತು ಸಲ್ಲುತ್ತದೆ. ಆದರೆ ಅಲ್ಲಿಯೂ ಒಂದು ಷರತ್ತಿದೆ. ಬೀದರಿಗೆ ಬಂದ ಅಫನಾಸಿ ನಿಕಿತಿನ್‌ಗೆ ನೀವು ಕೊನೆಯಲ್ಲಿ ಒಂದು ಸಾಲು ಕೊಟ್ಟಿದ್ದೀರಿ, ಕನ್ನಡ ಓದುಗನಿಗೆ ಪ್ರಸಾದ ಹಂಚಿದ ಹಾಗೆ. ಅವನನ್ನು ಏಳನೆಯ ಪುಟಕ್ಕೆ ಕರೆತನ್ನಿ. 1460ರ ದಶಕದ ಕೊನೆಗೆ ತ್ವೇರ್ ಪಟ್ಟಣದಿಂದ ಸರಕು ಹೇರಿಕೊಂಡು ವೋಲ್ಗಾದಲ್ಲಿ ಇಳಿದು ಹೊರಟ ವರ್ತಕ ಅವನು. ನದಿ ಸಮುದ್ರ ಸೇರುವ ಕಡೆಯ ಅಸ್ತ್ರಖಾನ್ ಹತ್ತಿರ ತಾತಾರರು ದೋಣಿಗಳನ್ನು ದೋಚಿದರು. ಸಾಲದ ಸರಕು ಹೋಯಿತು, ಬರಿಗೈಯಲ್ಲಿ ಊರಿಗೆ ಮರಳುವಂತಿರಲಿಲ್ಲ. ಮುಂದೆ ಮುಂದೆ ಹೋಗಿ ಹೊರ್ಮುಜ್‌ನಿಂದ ಒಂದು ಕುದುರೆಯನ್ನು ಹಡಗಿಗೇರಿಸಿಕೊಂಡು ಚೌಲ್ ಬಂದರಿಗೆ, ಜುನ್ನಾರಿಗೆ, ಬಹಮನಿಗಳ ಬೀದರಿಗೆ ಬಂದ. ಅವನನ್ನು ನಮ್ಮ ಕಡೆಗೆ ತಳ್ಳಿದ್ದು ಆ ದರೋಡೆ. ವೋಲ್ಗಾದ ಮುಖ ಆಗ ರಷ್ಯನ್ನರ ಕೈಯಲ್ಲಿರಲಿಲ್ಲ. 1552ರಲ್ಲಿ ಕಜಾನ್, 1556ರಲ್ಲಿ ಅಸ್ತ್ರಖಾನ್ ವಶವಾದ ಮೇಲಷ್ಟೇ ನದಿ ತಲೆಯಿಂದ ಬಾಲದವರೆಗೆ ಅವರದಾಯಿತು. ಜುನ್ನಾರಿನ ಖಾನ ಅವನ ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ವಾಪಸು ಕೊಡುತ್ತೇನೆ ಎಂದ ಪ್ರಸಂಗವೂ ಅವನ ಬರಹದಲ್ಲಿದೆ. ಅದನ್ನು ಬಿಟ್ಟು ‘ಭಾರತದ ವೈಭವಕ್ಕೆ ಬೆರಗಾದ’ ಎಂದು ಬರೆದಿದ್ದೀರಿ.

ಮೂರರಿಂದ ಎಂಟನೆಯ ಪುಟದವರೆಗಿನ ಭಾಗವನ್ನು ಮಾತ್ರ ಮತ್ತೆ ಬರೆದು ಕಳಿಸಿ. ತೈಲದ ಅಧ್ಯಾಯ ಬೇಡ, ಅದನ್ನು ಎಲ್ಲರೂ ಬರೆಯುತ್ತಿದ್ದಾರೆ. ನಿಮ್ಮ ನಕ್ಷೆಯಲ್ಲಿ ನದಿಗಳೇ ಇಲ್ಲ. ಓಬ್, ಯೆನಿಸೇಯ್, ಲೇನಾ, ಅಮೂರ್ ನಾಲ್ಕನ್ನೂ ಹರಿವಿನ ಬಾಣದ ಗುರುತು ಹಾಕಿ ಕೈಯಲ್ಲೇ ಬರೆದು ಕೊಡಿ, ನಮ್ಮ ಕಲಾವಿದರು ಅಂದಗೊಳಿಸುತ್ತಾರೆ. ಯಾಸಾಕ್ ಪುಸ್ತಕದ ಸಂಗತಿಯಿಂದಲೇ ಲೇಖನವನ್ನು ಆರಂಭಿಸಬಹುದೆಂದು ನನಗನ್ನಿಸುತ್ತದೆ, ಆದರೆ ಅದು ನಿಮಗೆ ಬಿಟ್ಟದ್ದು. ಯುಗಾದಿ ಸಂಚಿಕೆಯಲ್ಲಿ ಆರು ಪುಟ ಖಾಲಿ ಇಟ್ಟಿರುತ್ತೇನೆ.

ಇತಿ,
ಸಂಪಾದಕ