ಚಿಕ್ಕ ಡಿಜಿಟಲ್ ಕ್ಯಾಮೆರಾದಲ್ಲಿ ಮನೆಯೊಳಗೆ ತೆಗೆದ ಫೋಟೋಗಳು ತರಿತರಿಯಾಗಿ ಬರುತ್ತಿವೆ, ಹೊಸ ಕ್ಯಾಮೆರಾ ಕೊಳ್ಳಲೇ?

ಮಗಳ ನಾಮಕರಣದ ಫೋಟೋಗಳೆಲ್ಲ ರವೆ ಎರಚಿದಂತೆ ಬಂದಿವೆ, ಕ್ಯಾಮೆರಾ 16 ಮೆಗಾಪಿಕ್ಸೆಲ್‌ನದು, ಆಂಟಿ-ಶೇಕ್ (ಕೈನಡುಕ ತಡೆಯುವ ಸೌಲಭ್ಯ) ಕೂಡ ಹಾಕಿಯೇ ತೆಗೆದದ್ದು, ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಚಿಪ್) ಕೆಟ್ಟಿದೆಯೇ, ಇದನ್ನು ಬಿಟ್ಟು 20 ಮೆಗಾಪಿಕ್ಸೆಲ್‌ನದು ಕೊಳ್ಳಲೇ ಎಂದು ಕೇಳಿದ್ದೀರಿ. ‘ಆಂಟಿ-ಶೇಕ್ ಕೂಡ ಹಾಕಿಯೇ’ ಎಂಬಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. 2011ರ ಮಳೆಗಾಲದ ಆಟಿ ತಿಂಗಳಿನಲ್ಲಿ ನಾನೂ ಅದನ್ನು ಹಾಕಿಯೇ ತೆಗೆದಿದ್ದೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಹೊರಗೆ ಮಳೆ ಹೊಯ್ಯುತ್ತಿರುವಾಗ, ನಮ್ಮಲ್ಲಿ ಮನೆಗಳ ಚಾವಡಿಯಲ್ಲಿ ತಾಳಮದ್ದಳೆ ನಡೆಯುವುದುಂಟು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಮಾತಿನಲ್ಲಿ ಪಾತ್ರವನ್ನು ಕಟ್ಟುತ್ತಾರೆ. ನನ್ನ ದೊಡ್ಡಪ್ಪ ಐವತ್ತು ವರ್ಷ ಹಾಗೆ ಅರ್ಥ ಹೇಳಿದವರು. ಆದರೂ ಅರ್ಥಕ್ಕೆ ಕುಳಿತ ಭಂಗಿಯಲ್ಲಿ ಅವರದೊಂದು ಒಳ್ಳೆಯ ಫೋಟೋ ಮನೆಯಲ್ಲಿರಲಿಲ್ಲ. ಕಿರೀಟ ಕಟ್ಟಿದವರ ಮುಂದೆ ನಾಲ್ಕು ಕ್ಯಾಮೆರಾ ನಿಲ್ಲುತ್ತವೆ, ಪಂಚೆ ಉಟ್ಟು ಶಾಲು ಹೊದ್ದು ಕುಳಿತವರ ಮುಂದೆ ಒಂದೂ ನಿಲ್ಲುವುದಿಲ್ಲ. ಆ ಸಲ ಅವರಿಗೆ 78 ವರ್ಷ, ನಮ್ಮದೇ ಚಾವಡಿ, ಅವರದು ಕರ್ಣ. ಭಾವ ದುಬಾಯಿಯಿಂದ ತಂದುಕೊಟ್ಟ 12 ಮೆಗಾಪಿಕ್ಸೆಲ್‌ನ ಕ್ಯಾಮೆರಾ ನನ್ನ ಕೈಗೆ ಬಂದು ಎರಡು ತಿಂಗಳಾಗಿತ್ತು. ಈ ಸಲವಾದರೂ ತೆಗೆದಿಡಬೇಕೆಂದು ನಿಶ್ಚಯಿಸಿದೆ.

ಚಾವಡಿಯಲ್ಲಿ ಬೆಳಕೆಂದರೆ ಪಕಾಸಿನಿಂದ ಇಳಿಬಿಟ್ಟ ಎರಡು ಸಿಎಫ್‌ಎಲ್ ಬಲ್ಬುಗಳು ಮತ್ತು ಒಂದು ಕಾಲುದೀಪ. ಮೊದಲು ಫ್ಲ್ಯಾಶ್ ಹಾಕಿ ಎರಡು ತೆಗೆದೆ. ದೊಡ್ಡಪ್ಪ ಮಾತಿನ ನಡುವೆ ಕಣ್ಣು ಕಿರಿದು ಮಾಡಿ ನೋಡಿದರು, ಪದ ಶುರುವಾದಾಗ ಈಚೆ ಬಾಗಿ, “ತೆಗದ್ದು ಸಾಕು ಮಾಣಿ, ರಜ್ಜ ಕೂದೊಂಡು ಕೇಳು” (ತೆಗೆದದ್ದು ಸಾಕು ಹುಡುಗಾ, ಸ್ವಲ್ಪ ಕುಳಿತು ಕೇಳು) ಎಂದರು. ಮೂವತ್ತೈದು ದಾಟಿದ್ದರೂ ನಾನು ಅವರಿಗೆ ಮಾಣಿಯೇ. ಫ್ಲ್ಯಾಶ್ ನಿಲ್ಲಿಸಿ ಅಂಗಳದ ಚಪ್ಪರದ ಕಂಬಕ್ಕೆ ಒರಗಿ ಹದಿನೈದು ಅಡಿ ದೂರದಲ್ಲಿ ಕುಳಿತೆ, ಜೂಮನ್ನು ಪೂರ್ತಿ ಎಳೆದೆ, ಕೈ ನಡುಗಿ ಚಿತ್ರ ಕಲಸಿಹೋಗಬಾರದೆಂದು ಕ್ಯಾಮೆರಾದ ಮೇಲಿನ ತಿರುಗಣೆಯನ್ನು, ಅಲುಗುವ ಕೈಯ ಗುರುತಿದ್ದಲ್ಲಿಗೆ ತಿರುಗಿಸಿದೆ. ಒಟ್ಟು 63 ಫೋಟೋಗಳು. ಹಿಂದಿನ ಪುಟ್ಟ ಪರದೆಯಲ್ಲಿ ಒಂದಕ್ಕಿಂತ ಒಂದು ಚೆನ್ನಾಗಿ ಕಂಡವು. ಅಂಗೈಯೊಳಗಿನ ಪರದೆಯಲ್ಲಿ ಎಂಥ ಫೋಟೋವೂ ಚೆನ್ನಾಗಿಯೇ ಕಾಣುತ್ತದೆಂಬುದು ನನಗೆ ಆಗ ತಿಳಿದಿರಲಿಲ್ಲ.

ದೊಡ್ಡಪ್ಪ ಮತ್ತೆ ಅರ್ಥಕ್ಕೆ ಕೂರಲಿಲ್ಲ. ಮರುವರ್ಷ ತೀರಿಕೊಂಡರು. ಉತ್ತರಕ್ರಿಯೆಯ ದಿನ ಚಾವಡಿಯಲ್ಲಿ ಇಡಲು 12×18 ಇಂಚಿನ ಫೋಟೋ ಮಾಡಿಸೋಣವೆಂದು ಮೆಮೊರಿ ಕಾರ್ಡನ್ನು ಪೇಟೆಯ ಸ್ಟುಡಿಯೋಗೆ ಒಯ್ದೆ. ಸ್ಟುಡಿಯೋದ ಹುಡುಗ ಕಂಪ್ಯೂಟರಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿದಂತೆ ದೊಡ್ಡಪ್ಪನ ಮುಖ ಮಾಯವಾಗುತ್ತ ಬಂತು. ಕೆನ್ನೆಯ ಮೇಲೆ ಕೆಂಪು, ಹಸಿರು, ನೇರಳೆ ಚುಕ್ಕೆಗಳು. ಶಾಲಿನ ಜರಿಯಂಚು ಇದ್ದಲ್ಲಿ ಒದ್ದೆ ಬಣ್ಣ ಒರೆಸಿದಂಥ ಪಟ್ಟಿ. ಹಿಂದಿನ ಕತ್ತಲಿನಲ್ಲಿ ಇರುವೆ ಮುತ್ತಿದ ಹಾಗೆ ತರಿ. “ಗ್ರೇನ್ಸ್ ಬಂದಿದೆ ಅಣ್ಣಾ, ಐಎಸ್‌ಒ ನೋಡಿದ್ದೀರಾ?” ಎಂದು ಕೇಳಿ, ಅವನೇ ಫೋಟೋದ ವಿವರ ತೆರೆದು ತೋರಿಸಿದ: ಐಎಸ್‌ಒ (ಬೆಳಕಿನ ಸಂಕೇತವನ್ನು ಎಷ್ಟು ಹಿಗ್ಗಿಸಿದೆಯೆಂಬ ಅಂಕಿ) 1600, ಶಟರ್ (ಬೆಳಕು ಒಳಬರಲು ತೆರೆದಿದ್ದ ಹೊತ್ತು) ಸೆಕೆಂಡಿನ ಇಪ್ಪತ್ತನೇ ಒಂದು ಭಾಗ, ಅಪರ್ಚರ್ (ಲೆನ್ಸಿನ ಬಾಯಿ; ಅಂಕಿ ಹೆಚ್ಚಿದಷ್ಟೂ ಬಾಯಿ ಕಿರಿದು) ಎಫ್ 5.9. ಫ್ಲ್ಯಾಶ್ ಇಲ್ಲದೆ ತೆಗೆದ ಅರುವತ್ತೊಂದು ಫೋಟೋಗಳಲ್ಲೂ ಹೆಚ್ಚುಕಡಿಮೆ ಅದೇ ಅಂಕಿಗಳು.

ಇನ್ನು ನನ್ನ ತಪ್ಪಿನ ವಿಚಾರ. ಇದನ್ನು ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಮಾಡಿರುವುದೂ ಇದನ್ನೇ ಎಂದು ನನಗೆ ಬಲವಾದ ಅನುಮಾನವಿದೆ. ಕೈಯ ನಡುಕವನ್ನು ತಡೆಯುವ ಉಪಾಯಗಳಲ್ಲಿ ಎರಡು ಜಾತಿ. ಒಂದರಲ್ಲಿ ಲೆನ್ಸಿನೊಳಗಿನ ಗಾಜೋ ಸೆನ್ಸರೋ ನಿಜವಾಗಿಯೇ ಅತ್ತಿತ್ತ ಸರಿದು ನಡುಕವನ್ನು ಸರಿದೂಗಿಸುತ್ತದೆ; ಅದರಿಂದ ಐಎಸ್‌ಒ ಏರಬೇಕಾಗಿಲ್ಲ. ಇನ್ನೊಂದರಲ್ಲಿ ಯಾವುದೂ ಅಲುಗುವುದಿಲ್ಲ. ಶಟರ್ ಬೇಗ ಮುಚ್ಚಿದರೆ ನಡುಕ ಕಾಣಿಸುವುದಿಲ್ಲವೆಂಬ ಲೆಕ್ಕದಲ್ಲಿ ಕ್ಯಾಮೆರಾ ಐಎಸ್‌ಒ ಏರಿಸಿ ಶಟರ್ ಸಮಯವನ್ನು ಕಡಿತಗೊಳಿಸುತ್ತದೆ, ಅಷ್ಟೇ. ಅಗ್ಗದ ಚಿಕ್ಕ ಕ್ಯಾಮೆರಾಗಳಲ್ಲಿ ಅನೇಕವುಗಳಲ್ಲಿ ಇದ್ದದ್ದು ಈ ಎರಡನೆಯದು, ಪೆಟ್ಟಿಗೆಯ ಮೇಲೆ ಮಾತ್ರ ಎರಡಕ್ಕೂ ಒಂದೇ ಬಗೆಯ ಹೆಸರು. ನನ್ನ ಕ್ಯಾಮೆರಾದ ಕೈಪಿಡಿಯಲ್ಲಿ ಇದು ಬರೆದಿತ್ತು. ಆ ಕೈಪಿಡಿ ಒಂದು ಸಿ.ಡಿ.ಯಲ್ಲಿತ್ತು, ಆ ಸಿ.ಡಿ.ಯನ್ನು ನಾನು ದೊಡ್ಡಪ್ಪ ಹೋದ ಮೇಲೆ ಮೊದಲ ಸಲ ತೆರೆದೆ.

ಐಎಸ್‌ಒ ಏರಿಸಿದಾಗ ಸೆನ್ಸರಿಗೆ ಹೊಸದಾಗಿ ಕಣ್ಣೇನೂ ಬರುವುದಿಲ್ಲ. ಸಿಕ್ಕಿದ ಸ್ವಲ್ಪ ಬೆಳಕಿನ ಸಂಕೇತವನ್ನೇ ಹಿಗ್ಗಿಸಿ ಕೊಡುತ್ತದೆ, ಅದರೊಂದಿಗೆ ಏರುಪೇರುಗಳೂ ಹಿಗ್ಗುತ್ತವೆ. ಅಂಗಳದಲ್ಲಿ ಸಾಲಾಗಿ ತೆಂಗಿನ ಗೆರಟೆಗಳನ್ನಿಟ್ಟಿದ್ದೀರೆಂದು ತಿಳಿಯಿರಿ (ಸೊಳ್ಳೆ ಹುಟ್ಟುತ್ತದೆಂದು ಆರೋಗ್ಯ ಇಲಾಖೆಯವರು ಕವುಚಿ ಹಾಕಿಸುವ ಅದೇ ಗೆರಟೆಗಳು). ಜಡಿಮಳೆಗೆ ಇಟ್ಟರೆ ಎಲ್ಲದರಲ್ಲೂ ನೀರು ಸಮನಾಗಿಯೇ ನಿಲ್ಲುತ್ತದೆ. ನಾಲ್ಕು ಹನಿ ಉದುರಿ ನಿಂತ ಮಳೆಯಾದರೆ ಒಂದರಲ್ಲಿ ಆರು ಹನಿ, ಪಕ್ಕದ್ದರಲ್ಲಿ ಹನ್ನೆರಡು. ಬೆಳಕು ಬೀಳುವುದೂ ಹನಿಹನಿಯಾಗಿಯೇ, ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ಒಂದೊಂದು ಗೆರಟೆ. ಸರಾಸರಿ 9 ಹನಿ ಬೀಳುವಲ್ಲಿ ಏರುಪೇರು ಸುಮಾರು 3, ಎಂದರೆ ಮೂರರಲ್ಲಿ ಒಂದು ಪಾಲು. 900 ಬೀಳುವಲ್ಲಿ ಏರುಪೇರು ಸುಮಾರು 30, ಎಂದರೆ ಮೂವತ್ತರಲ್ಲಿ ಒಂದೇ ಪಾಲು. ಐಎಸ್‌ಒ 100ಕ್ಕೆ ಹೋಲಿಸಿದರೆ 1600ರಲ್ಲಿ ಸೆನ್ಸರಿಗೆ ದಕ್ಕುವ ಬೆಳಕು ಹದಿನಾರರಲ್ಲಿ ಒಂದು ಪಾಲು, ಆದ್ದರಿಂದ ಏರುಪೇರಿನ ಪ್ರಮಾಣ ನಾಲ್ಕು ಪಟ್ಟು. ನೀವು ರವೆ ಎನ್ನುತ್ತಿರುವುದು ಈ ಏರುಪೇರನ್ನೇ. ಗೆರಟೆಗಳು ಎಷ್ಟು ಸಣ್ಣವೆಂಬುದನ್ನೂ ನೋಡಿ: ನಿಮ್ಮದೂ ನನ್ನದರಂತೆ 1/2.3 ಇಂಚಿನದೆಂದು ಕರೆಯುವ ಸಾಮಾನ್ಯ ಸೆನ್ಸರ್ ಆಗಿದ್ದರೆ ಅದರ ಅಳತೆ ಸುಮಾರು 6.2×4.6 ಮಿಲಿಮೀಟರ್, ಕಿರುಬೆರಳ ಉಗುರಿಗಿಂತಲೂ ಚಿಕ್ಕದು. ಹಳೆಯ ಫಿಲ್ಮಿನ ಚೌಕಟ್ಟಿನಷ್ಟಿರುವ 36×24 ಮಿಲಿಮೀಟರ್ ಸೆನ್ಸರಿನ ವಿಸ್ತೀರ್ಣದಲ್ಲಿ ಮೂವತ್ತರಲ್ಲಿ ಒಂದು ಪಾಲು. ಅದೇ ಜಾಗದಲ್ಲಿ 16ರ ಬದಲು 20 ಮೆಗಾಪಿಕ್ಸೆಲ್ ತುರುಕಿದರೆ ಗೆರಟೆಗಳು ಇನ್ನಷ್ಟು ಕಿರಿದಾಗುತ್ತವೆಯೇ ಹೊರತು ಮಳೆ ಹೆಚ್ಚುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯ ಕೊನೆಯ ಭಾಗವನ್ನು ನಾನು ಒಪ್ಪುವುದಿಲ್ಲ: ಆ ಹಣವನ್ನು ಖರ್ಚು ಮಾಡಬೇಡಿ.

ನನ್ನನ್ನು ಇಂದಿಗೂ ಚುಚ್ಚುವುದು ಬೇರೆಯೇ ಸಂಗತಿ. ತಾಳಮದ್ದಳೆಯಲ್ಲಿ ಅಲುಗುವವರೇ ಇಲ್ಲ! ಭಾಗವತರ ಪದ ನಡೆಯುವಷ್ಟು ಹೊತ್ತು ದೊಡ್ಡಪ್ಪ ಕಣ್ಣು ಅರೆಮುಚ್ಚಿ, ಬಲಗೈಯನ್ನು ಮೊಣಕಾಲ ಮೇಲಿಟ್ಟು, ಮುಂದಿನ ಮಾತನ್ನು ಒಳಗೇ ಹೊಂದಿಸಿಕೊಳ್ಳುತ್ತ ವಿಗ್ರಹದಂತೆ ಕುಳಿತಿರುತ್ತಿದ್ದರು. ಅಲುಗುತ್ತಿದ್ದದ್ದು ನಾನೊಬ್ಬನೇ. ನನ್ನನ್ನು ನಿಲ್ಲಿಸಿದ್ದರೆ ಸಾಕಿತ್ತು. ಅದಕ್ಕೆ ಬದಲಾಗಿ ಬೆಳಕನ್ನು ಕತ್ತರಿಸಿದೆ. ಜೂಮ್ ಎಳೆದದ್ದು ಅದರ ಮೇಲೊಂದು ಬರೆ. ಆ ಲೆನ್ಸು ಜೂಮ್ ಇಲ್ಲದಾಗ ಎಫ್ 3.1ರಷ್ಟು ತೆರೆಯುತ್ತದೆ, ಪೂರ್ತಿ ಎಳೆದಾಗ ಎಫ್ 5.9ಕ್ಕೆ ಕುಗ್ಗುತ್ತದೆ, ಒಳಬರುವ ಬೆಳಕು ನಾಲ್ಕನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಎದ್ದು ಮುಂದೆ ಹೋಗಿ, ಮದ್ದಳೆಯವರ ಪಕ್ಕದಲ್ಲಿ ಕ್ಯಾಮೆರಾವನ್ನು ಏನಾದರೊಂದರ ಮೇಲಿಟ್ಟು ತೆಗೆದಿದ್ದರೆ, ಅದೇ ಎರಡು ಸಿಎಫ್‌ಎಲ್ ಬೆಳಕಿನಲ್ಲಿ, ಐಎಸ್‌ಒ 100ರಲ್ಲಿ, ಕಾಲು ಸೆಕೆಂಡಿಗೆ ಸರಿಯಾದ ಚಿತ್ರ ಬರುತ್ತಿತ್ತು. ಒಂದು ಪದ ಮುಗಿಯುವುದರೊಳಗೆ ಎಷ್ಟು ಕಾಲು ಸೆಕೆಂಡುಗಳಿರುತ್ತವೆ!

ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ಉತ್ತರಕ್ರಿಯೆ ಮುಗಿದ ವಾರ ಅದೇ ಚಾವಡಿಯಲ್ಲಿ, ಅವರು ಕುಳಿತಿದ್ದ ಜಾಗದಲ್ಲಿ ಒಂದು ಮಣೆಯಿಟ್ಟು, ಅದರ ಮೇಲೆ ಒಂದು ಹಿಡಿ ಚಾಲಿ ಅಡಿಕೆ ಹರಡಿದೆ. ಬಟ್ಟೆಯ ಸಣ್ಣ ಚೀಲದಲ್ಲಿ ಒಂದು ಸೇರು ಅಕ್ಕಿ ತುಂಬಿ ಬಾಯಿ ಕಟ್ಟಿ, ನಡುವೆ ಗುಳಿ ಮಾಡಿ ಕ್ಯಾಮೆರಾವನ್ನು ಅದರಲ್ಲಿ ಕೂರಿಸಿದೆ. ಗುಂಡಿ ಒತ್ತುವಾಗಿನ ಅಲುಗಾಟವೂ ಬೇಡವೆಂದು 2 ಸೆಕೆಂಡಿನ ಟೈಮರ್ ಹಾಕಿ, ಐಎಸ್‌ಒವನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ ತೆಗೆದೆ. 100ರಲ್ಲಿ ಅಡಿಕೆಯ ಮೈಮೇಲಿನ ನವಿರಾದ ಗೆರೆಜಾಲವನ್ನು ಬೆರಳಿಟ್ಟು ಹಿಂಬಾಲಿಸಬಹುದಿತ್ತು. 200ರಲ್ಲಿ ವ್ಯತ್ಯಾಸ ನನಗೆ ಕಾಣಲಿಲ್ಲ. 400ರಲ್ಲಿ ನೆರಳಿನ ಬದಿ ತುಸು ಒರಟು, ಗೆರೆಗಳು ಇನ್ನೂ ಇವೆ. 800ರಲ್ಲಿ ಗೆರೆಗಳು ಒಂದರೊಳಗೊಂದು ಕೂಡಿಕೊಂಡವು. 1600ರಲ್ಲಿ ಅದು ಅಡಿಕೆಯೋ ಆಲೂಗಡ್ಡೆಯೋ ಎಂದು ಹೆಂಡತಿ ಕೇಳಿದಳು. ನೀವೂ ಹೀಗೆ ಒಂದು ಸಾಲು ತೆಗೆದು ನೋಡಿ. ಕ್ಯಾಮೆರಾಗಳ ಬಗ್ಗೆ ಹತ್ತು ವಿಮರ್ಶೆ ಓದುವುದಕ್ಕಿಂತ ಇದು ಹೆಚ್ಚು ಹೇಳುತ್ತದೆ.

ಸೆನ್ಸರ್ ಕೆಟ್ಟಿದೆಯೇ ಎಂಬ ಸಂಶಯ ತೀರಿಸಿಕೊಳ್ಳಲು ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ, ಐಎಸ್‌ಒ 100ಕ್ಕೆ ಕಟ್ಟಿ, ನಾಲ್ಕು ಫೋಟೋ ತೆಗೆಯಿರಿ. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ ಹೊಳೆಯುತ್ತಿದ್ದರೆ ಅದು ಸೆನ್ಸರಿನ ದೋಷ. ಚಿತ್ರಗಳು ಶುಭ್ರವಾಗಿದ್ದರೆ ದುರಸ್ತಿಯವರ ಹತ್ತಿರ ಹೋಗುವ ಕೆಲಸವಿಲ್ಲ. ನಮ್ಮಂಥ ಮಳೆಯೂರುಗಳಲ್ಲಿ ಲೆನ್ಸಿಗೆ ಬೂಸಲು ಹಿಡಿಯುವುದೂ ಇದೆ, ಆದರೆ ಬೂಸಲಿನಿಂದ ಚಿತ್ರ ಮಂಜಾಗುತ್ತದೆ, ತರಿಯಾಗುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಆ ಕೈಯ ಗುರುತಿನ ಜಾಗದಿಂದ ತಿರುಗಣೆಯನ್ನು ‘ಪಿ’ಗೆ (ಐಎಸ್‌ಒವನ್ನು ನಾವೇ ಆರಿಸಬಹುದಾದ ಜಾಗಕ್ಕೆ) ತನ್ನಿ, ಐಎಸ್‌ಒವನ್ನು ಆಟೋದಿಂದ ಬಿಡಿಸಿ 100ಕ್ಕೋ 200ಕ್ಕೋ ಕಟ್ಟಿಹಾಕಿ, ಜೂಮ್ ಬಳಸದೆ ಕಾಲನ್ನು ಬಳಸಿ, ಕ್ಯಾಮೆರಾವನ್ನು ಯಾವುದರ ಮೇಲಾದರೂ ಕೂರಿಸಿ. ಮಗು ಸುಮ್ಮನಿರುವುದಿಲ್ಲವೆಂದು ನೀವು ಹೇಳಬಹುದು. ಹಾಗಿದ್ದರೆ 400ಕ್ಕೆ ಏರಿಸಿ, ಮಗುವನ್ನು ಕಿಟಕಿಯ ಪಕ್ಕಕ್ಕೆ ಕರೆತನ್ನಿ. ಒಳಕೋಣೆಯ ಟ್ಯೂಬ್‌ಲೈಟಿಗಿಂತ ಹಗಲಿನ ಕಿಟಕಿ ಎಷ್ಟೋ ಪಾಲು ಮೇಲು. ಫ್ಲ್ಯಾಶನ್ನು ನಂಬಿ ದೂರ ನಿಲ್ಲಬೇಡಿ. ಈ ಪುಟ್ಟ ಫ್ಲ್ಯಾಶುಗಳ ಬೆಳಕು ಮೂರು ನಾಲ್ಕು ಮೀಟರಿನಾಚೆ ಮುಟ್ಟುವುದಿಲ್ಲ, ಮುಟ್ಟಿಸಲೆಂದು ಆಟೋದಲ್ಲಿರುವ ಕ್ಯಾಮೆರಾ ಮತ್ತೆ ಐಎಸ್‌ಒ ಏರಿಸಲೂಬಹುದು. ರಾತ್ರಿ ಓಡಾಡುವವರನ್ನೇ ತೆಗೆಯಬೇಕಾದರೆ ಮಾತ್ರ ಹೊಸ ಕ್ಯಾಮೆರಾದ ಮಾತು, ಆಗಲೂ ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಕೇಳದೆ ಸೆನ್ಸರಿನ ಅಳತೆ ಕೇಳಿ. 1 ಇಂಚಿನದೆಂದು ಕರೆಯುವ ಸೆನ್ಸರ್ 13.2×8.8 ಮಿಲಿಮೀಟರ್ ಇರುತ್ತದೆ. ವಿಸ್ತೀರ್ಣದಲ್ಲಿ ನಿಮ್ಮದರ ಸುಮಾರು ನಾಲ್ಕು ಪಟ್ಟು.

ನಾಮಕರಣದ ಫೋಟೋಗಳನ್ನು ಸಾಫ್ಟ್‌ವೇರಿನಿಂದ ನುಣುಪು ಮಾಡಿಸಲು ಅವಸರ ಪಡಬೇಡಿ. ಸ್ಟುಡಿಯೋದ ಹುಡುಗ ನಮ್ಮದಕ್ಕೆ ಮೊದಲು ಅದನ್ನೇ ಮಾಡಿದ್ದ. ತರಿ ಹೋಯಿತು, ಅದರೊಂದಿಗೆ ದೊಡ್ಡಪ್ಪನ ಹುಬ್ಬಿನ ಕೂದಲೂ ಹಣೆಯ ಸುಕ್ಕುಗಳೂ ಹೋಗಿ ಮೇಣದ ಬೊಂಬೆಯಂತಾದರು, ದೊಡ್ಡಮ್ಮ ಅದನ್ನು ಕೈಯಿಂದ ಆಚೆ ಸರಿಸಿದರು. ಕಡೆಗೆ ಮೂಲ ಚಿತ್ರದ 4000×3000 ಪಿಕ್ಸೆಲ್‌ಗಳನ್ನು 2000×1500ಕ್ಕೆ ಇಳಿಸಿ, ಕಪ್ಪುಬಿಳುಪು ಮಾಡಿ, 5×7 ಇಂಚಿಗೆ ಮುದ್ರಿಸಿದೆವು. ನಾಲ್ಕು ಪಿಕ್ಸೆಲ್‌ಗಳು ಸೇರಿ ಒಂದಾಗುವಾಗ ತರಿ ಅರ್ಧದಷ್ಟು ತಗ್ಗುತ್ತದೆ, ಬಣ್ಣ ತೆಗೆದಾಗ ಆ ಕೆಂಪುಹಸಿರು ಚುಕ್ಕೆಗಳು ಹೇಳಹೆಸರಿಲ್ಲದಂತಾಗುತ್ತವೆ. ಚಾವಡಿಯ ಗೋಡೆಯಲ್ಲಿ ಈಗ ಇರುವುದು ಆ 5×7. 12×18ಕ್ಕೆಂದು ಮೊದಲೇ ಮಾಡಿಸಿದ್ದ ಚೌಕಟ್ಟು ಅಟ್ಟದ ಮೇಲಿದೆ.

ನಿಮ್ಮ ಫೋಟೋ ಒಂದರ ವಿವರ ತೆರೆದು ಐಎಸ್‌ಒ ಎದುರು ಎಷ್ಟಿದೆ ನೋಡಿ. ಅದು 400ಕ್ಕಿಂತ ಕೆಳಗಿದ್ದರೆ ನನ್ನ ಅನುಮಾನ ತಪ್ಪು. ಆಗ ಆ ಅಂಕಿಗಳನ್ನೂ, ಬಿಸಿಲಿನಲ್ಲಿ ತೆಗೆದ ನಾಲ್ಕನ್ನೂ ಒಟ್ಟಿಗೆ ತೋರಿಸಿ, ಮತ್ತೆ ನೋಡೋಣ.