ತಾತನ ಯೆಜ್ಡಿಯನ್ನು ಮನೆಯ ಶೆಡ್ಡಿನಲ್ಲೇ ಸರಿಮಾಡಬಹುದೇ?

ನಿಮ್ಮ ಪ್ರಶ್ನೆ ಇದು: ತಾತನ 1982ರ ಯೆಜ್ಡಿ 250 ಹದಿನೆಂಟು ವರ್ಷದಿಂದ ಊರಿನ ಕೊಟ್ಟಿಗೆಯಲ್ಲಿ ನಿಂತಿದೆ, ಕಿಕ್ಕರ್ ಅಲ್ಲಾಡುತ್ತಿಲ್ಲ. ಪೂರ್ತಿ ಬಿಚ್ಚಿ, ಬಣ್ಣ ಹೊಡೆಸಿ ಹೊಸ ಗಾಡಿಯಂತೆ ಮಾಡಬೇಕೆಂಬ ಆಸೆ. ಮನೆಯಲ್ಲೇ ಮಾಡಬಹುದಾ, ಎಲ್ಲಿಂದ ಶುರು ಮಾಡಲಿ, ಎಷ್ಟು ಖರ್ಚಾಗುತ್ತೆ?

ಮಾಡಬಹುದು. ಆದರೆ ಪೂರ್ತಿ ಬಿಚ್ಚಬೇಡಿ. ಬಣ್ಣದ ಯೋಚನೆಯನ್ನಂತೂ ಸದ್ಯಕ್ಕೆ ಬಿಟ್ಟೇಬಿಡಿ. ಮೊದಲು ಆ ಗಾಡಿ ಇದ್ದ ಹಾಗೆಯೇ ಒಮ್ಮೆ ಸ್ಟಾರ್ಟ್ ಆಗಲಿ, ನಾಲ್ಕು ಕಿಲೋಮೀಟರ್ ಓಡಲಿ. ಎಲ್ಲಿ ಸವೆದಿದೆ, ಎಲ್ಲಿ ಗಟ್ಟಿಯಿದೆ ಅಂತ ಅದೇ ತೋರಿಸುತ್ತದೆ.

ಹೀಗೆ ಹೇಳಲು ಕಾರಣವಿದೆ. 2014ರಲ್ಲಿ ಅಪ್ಪನ 1976ರ ಯೆಜ್ಡಿಯನ್ನು ಮೈಸೂರಿನ ಮನೆಯ ಪಕ್ಕದ ಸಣ್ಣ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು, ಒಂದೇ ವಾರದಲ್ಲಿ ಕೊನೆಯ ನಟ್ಟಿನವರೆಗೆ ಬಿಚ್ಚಿ ಹಾಕಿದೆ. ಫೋಟೋ ತೆಗೆದಿರಲಿಲ್ಲ, ಡಬ್ಬಿಗಳ ಮೇಲೆ ಹೆಸರು ಬರೆದಿರಲಿಲ್ಲ. ಮತ್ತೆ ಕೂಡಿಸಲು ಮೂರು ವರ್ಷ ಹಿಡಿಯಿತು. ಅದರಲ್ಲಿ ಒಂದು ವರ್ಷ ಹೋದದ್ದು ಯಾವ ವಾಷರ್ ಎಲ್ಲಿಯದು ಎಂದು ಹುಡುಕುವುದರಲ್ಲೇ. ಆಮೇಲೆ ಒಂದು ಹಳೇ ಜಾವಾ ಮತ್ತು ಸ್ನೇಹಿತನ ರೋಡ್‌ಕಿಂಗ್ (ಯೆಜ್ಡಿಯದೇ ಇನ್ನೊಂದು ಮಾಡೆಲ್) ಸರಿಮಾಡಿದೆ. ಅವೆರಡನ್ನೂ ಮೊದಲು ಓಡಿಸಿ, ಆಮೇಲೆ ಬೇಕಾದಷ್ಟನ್ನೇ ಬಿಚ್ಚಿದೆ. ಒಂದೊಂದೂ ಆರೇಳು ತಿಂಗಳಲ್ಲಿ ಮುಗಿಯಿತು.

ಇನ್ನೊಂದು ವಿಷಯ. ನಿಮ್ಮ ಕೊಟ್ಟಿಗೆಯಲ್ಲಿರುವುದು ನಮ್ಮೂರಿನಲ್ಲಿ ಹುಟ್ಟಿದ ಗಾಡಿ. ಝೆಕೊಸ್ಲೊವಾಕಿಯದ ಜಾವಾವನ್ನು ಇಲ್ಲಿ ತಯಾರಿಸಲು ಶುರುವಾದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಇದನ್ನು ಹೇಳುತ್ತಿರುವುದು ಬರೀ ಅಭಿಮಾನಕ್ಕಲ್ಲ. ಆ ಕಾರ್ಖಾನೆಯಿಂದ ಬಂದ ಗೇರು, ಶಾಫ್ಟು, ಕ್ರ್ಯಾಂಕುಗಳು ಸವೆದಿದ್ದರೂ, ಈಗ ಸಿಗುವ ಎಷ್ಟೋ ನಕಲಿ ಹೊಸ ಭಾಗಗಳಿಗಿಂತ ಗಟ್ಟಿಯಾಗಿರುತ್ತವೆ. ಹಾಗಾಗಿ ಯಾವ ಹಳೇ ಭಾಗವನ್ನೂ ಗುಜರಿಗೆ ಹಾಕಬೇಡಿ. ಮುರಿದದ್ದನ್ನೂ ಎತ್ತಿಡಿ, ಲೇಥಿನವರಿಗೆ ಮಾದರಿ ತೋರಿಸಲು ಬೇಕಾಗುತ್ತದೆ.

ಈಗ ಕಿಕ್ಕರ್ ವಿಷಯ. ನಿಮಗೆ ಗೊತ್ತಿರಬಹುದು, ಈ ಗಾಡಿಯಲ್ಲಿ ಗೇರ್ ಲಿವರ್ರೇ ಕಿಕ್ಕರ್ ಕೂಡ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರು. ಜಾಮ್ ಆದ ಎಂಜಿನ್ನಿನ ಮೇಲೆ ನಿಂತು ತುಳಿದರೆ ಒಳಗಿನ ಹಲ್ಲು, ಸ್ಪ್ರಿಂಗು ಮುರಿಯುತ್ತವೆ, ಆಗ ಸಣ್ಣ ಕೆಲಸ ದೊಡ್ಡದಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧರ್ಧ ಬೆರೆಸಿ, ಪ್ಲಗ್ ತೂತಿನಿಂದ ಒಂದು ಸಣ್ಣ ಲೋಟದಷ್ಟು ಸುರಿದು, ಮೇಲೆ ಬಟ್ಟೆ ತುರುಕಿ ನಾಲ್ಕೈದು ದಿನ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಬಲ ಬೇಡ, ತಾಳ್ಮೆ ಸಾಕು. ಬಿಡದಿದ್ದರೆ ಇನ್ನಷ್ಟು ಸುರಿದು ಮತ್ತೆ ಕಾಯಿರಿ. ಸ್ನೇಹಿತನ ರೋಡ್‌ಕಿಂಗ್ ಹದಿನಾರನೇ ದಿನ ಬಿಟ್ಟುಕೊಂಡಿತು. ಅಷ್ಟಕ್ಕೂ ಬಿಡದಿದ್ದರೆ ಮಾತ್ರ ಹೆಡ್ ತೆಗೆದು, ಪಿಸ್ಟನ್ ಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಬೇಕು. ಕಬ್ಬಿಣದ ರಾಡ್ ಇಟ್ಟು ಹೊಡೆದರೆ ಪಿಸ್ಟನ್ ತೂತಾಗುತ್ತದೆ.

ತಿರುಗಲು ಶುರುವಾದ ಮೇಲೆ, ಪ್ಲಗ್ ಹಾಕದೆಯೇ ಹತ್ತಾರು ಸಲ ಕಿಕ್ ಹೊಡೆದು ಒಳಗಿನ ಡೀಸೆಲ್ ಹೊರಹಾಕಿ. ಕಣ್ಣನ್ನು ಪ್ಲಗ್ ತೂತಿನಿಂದ ದೂರ ಇಟ್ಟುಕೊಳ್ಳಿ, ಚಿಮ್ಮುತ್ತದೆ.

ಇನ್ನು ಈ ಎಂಜಿನ್ನಿನ ಗುಟ್ಟಿಗೆ ಬರುತ್ತೇನೆ. ಹೊಸದಾಗಿ ಕೈಹಾಕುವವರೆಲ್ಲ ಎಡವುವುದು ಇಲ್ಲೇ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ನೇರವಾಗಿ ಪಿಸ್ಟನ್ನಿನ ಮೇಲಕ್ಕೆ ಹೋಗುವುದಿಲ್ಲ. ಮೊದಲು ಪಿಸ್ಟನ್ನಿನ ಕೆಳಗೆ, ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿ ಮಾಡುವ ಶಾಫ್ಟು) ಇರುವ ಕೋಣೆಗೆ ಬರುತ್ತದೆ. ಪಿಸ್ಟನ್ ಇಳಿದಾಗ ಅಲ್ಲಿ ಒತ್ತಿಕೊಂಡು ಮೇಲಕ್ಕೇರುತ್ತದೆ. ಅಂದರೆ ಆ ಕೋಣೆಯೇ ಒಂದು ಪಂಪು. ಪಂಪಿಗೆ ಗಾಳಿ ಸೋರಬಾರದು. ಸೋರದಂತೆ ತಡೆಯುವುದು ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ರಬ್ಬರ್ ಆಯಿಲ್ ಸೀಲುಗಳು. ಹದಿನೆಂಟು ವರ್ಷ ನಿಂತ ಗಾಡಿಯಲ್ಲಿ ಆ ರಬ್ಬರು ಒಣಗಿ ಗಟ್ಟಿಯಾಗಿರುತ್ತದೆ.

ಬಲಗಡೆ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಪಕ್ಕದ ಸೀಲು ಹೋದರೆ ಹೊರಗಾಳಿ ಒಳಕ್ಕೆ ಬರುತ್ತದೆ. ಗಾಡಿ ಕಷ್ಟಪಟ್ಟು ಸ್ಟಾರ್ಟ್ ಆಗುತ್ತದೆ. ಆಗಿದ್ದೇ ತಡ, ಆಕ್ಸಿಲರೇಟರ್ ಕೊಡದೆಯೇ ತಾನಾಗಿ ಏರುತ್ತದೆ. ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಎಡಗಡೆ ಕ್ಲಚ್ ಪಕ್ಕದ ಸೀಲು ಹೋದರೆ ಲಕ್ಷಣವೇ ಬೇರೆ. ಈ ಗಾಡಿಯಲ್ಲಿ ಕ್ಲಚ್ಚಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲು. ಆ ಆಯಿಲನ್ನು ಎಂಜಿನ್ ಹೀರಿಕೊಂಡು ಸುಡುತ್ತದೆ. ಬೀದಿ ತುಂಬಾ ಬಿಳಿ ಹೊಗೆ, ಗೇರ್‌ಬಾಕ್ಸಿನ ಆಯಿಲು ವಾರ ವಾರಕ್ಕೂ ಇಳಿಯುತ್ತದೆ. ನಮ್ಮ ಅಪ್ಪ ವರ್ಷಗಟ್ಟಲೆ ಕಾರ್ಬುರೇಟರ್ ಬದಲಾಯಿಸುತ್ತಾ, ಪಿಸ್ಟನ್ ರಿಂಗ್ ಹಾಕಿಸುತ್ತಾ ಹಣ ಸುರಿದಿದ್ದರು. ತಪ್ಪು ಇದ್ದದ್ದು ಎಡಗಡೆಯ ಒಂದು ಸೀಲಿನಲ್ಲಿ. ಅದನ್ನು ಹಿಡಿದುಕೊಟ್ಟವರು ಯಾದವಗಿರಿ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದ ಒಬ್ಬ ಹಿರಿಯರು. ಗೇರ್‌ಬಾಕ್ಸಿನಲ್ಲಿ ಎಷ್ಟು ಆಯಿಲ್ ಉಳಿದಿದೆ ಎಂದು ನೋಡಿದರು, ಸೈಲೆನ್ಸರ್ ತುದಿಗೆ ಬೆರಳಿಟ್ಟು ಮೂಸಿದರು, ಅಷ್ಟೇ. ಅಂಥವರು ನಿಮ್ಮ ಹತ್ತಿರ ಯಾರಾದರೂ ಇದ್ದರೆ ಇವತ್ತೇ ಹೋಗಿ ಮಾತಾಡಿಸಿ. ಎಲ್ಲರಿಗೂ ವಯಸ್ಸಾಗಿದೆ.

ಸೀಲ್ ಬದಲಿಸಲು ಎಂಜಿನ್ ಬಿಚ್ಚುವ ಹೊತ್ತಿಗೆ ಬೇರಿಂಗುಗಳನ್ನೂ ಬದಲಿಸಿಬಿಡಿ. ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಅಲ್ಲಾಡಿದರೆ ಚಿಂತೆಯಿಲ್ಲ, ಮೇಲೆ ಕೆಳಗೆ ‘ಟಕ್’ ಅಂದರೆ ಕ್ರ್ಯಾಂಕ್ ಕೆಲಸ ಇದೆ ಎಂದರ್ಥ. ಅದನ್ನು ಮನೆಯಲ್ಲಿ ಮಾಡಲಾಗದು. ಪ್ರೆಸ್ ಮತ್ತು ಡಯಲ್ ಗೇಜ್ ಎರಡೂ ಇರುವ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ನೇರ ಮಾಡಿಕೊಡುವ ಲೇಥ್ ಅಂಗಡಿಗೇ ಕೊಡಿ. ರೀಬೋರ್ (ಸವೆದ ಸಿಲಿಂಡರನ್ನು ಒಳಗಿನಿಂದ ಸ್ವಲ್ಪ ಅಗಲ ಮಾಡುವುದು) ಮಾಡಿಸುವುದಾದರೆ ಮೊದಲು ಪಿಸ್ಟನ್ ಕೊಂಡು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಆ ಪಿಸ್ಟನ್ನಿಗೆ ತಕ್ಕಂತೆ ಬೋರ್ ಮಾಡಲಿ. ಇನ್ನೊಂದು ಮಾತು ಮರೆಯಬೇಡಿ: ಬೋರ್ ಆದ ಮೇಲೆ ಸಿಲಿಂಡರಿನ ಒಳಗಿನ ಕಿಟಕಿಗಳ (ಮಿಶ್ರಣ, ಹೊಗೆ ಹೋಗಿಬರುವ ತೂತುಗಳ) ಅಂಚು ಚಾಕುವಿನಂತೆ ಹರಿತವಾಗಿರುತ್ತದೆ. ಅದನ್ನು ಸಣ್ಣಗೆ ಉಜ್ಜಿ ಮೊಂಡು ಮಾಡಿಸದಿದ್ದರೆ ರಿಂಗು ಅಲ್ಲಿ ಸಿಕ್ಕಿಕೊಂಡು ಮುರಿಯುತ್ತದೆ. ನಾಲ್ಕು-ಸ್ಟ್ರೋಕ್ ಗಾಡಿಗಳನ್ನೇ ಮಾಡಿ ಅಭ್ಯಾಸವಾದ ಲೇಥಿನವರು ಇದನ್ನು ಬಿಟ್ಟುಬಿಡುವುದುಂಟು, ನೀವೇ ಕೇಳಿ ಮಾಡಿಸಿ.

ಡೈನಮೋ ಇರುವ ಮಾಡೆಲ್ ಆಗಿದ್ದರೆ ಬ್ಯಾಟರಿ ಬಗ್ಗೆ ಎಚ್ಚರ. ಇಗ್ನಿಷನ್ನಿಗೆ ಕರೆಂಟ್ ಬ್ಯಾಟರಿಯಿಂದಲೇ ಬರಬೇಕು. 6 ವೋಲ್ಟಿನ ಬ್ಯಾಟರಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಕಿಡಿ ಬಾರದು. ಕಿಡಿ ಇಲ್ಲವೆಂದು ಕಾಯಿಲ್ ಬದಲಿಸುವ ಮೊದಲು ಬ್ಯಾಟರಿ ಅಳೆಯಿರಿ, ಪಾಯಿಂಟ್‌ಗಳನ್ನು (ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಸಣ್ಣ ತುದಿಗಳು) ನಯವಾದ ಎಮರಿ ಕಾಗದದಲ್ಲಿ ಉಜ್ಜಿ ಅಂತರವನ್ನು 0.4 ಮಿ.ಮೀ.ಗೆ ಇಡಿ. ಡೈನಮೋದೊಳಗೆ ತಿರುಗುವ ಆರ್ಮೇಚರನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಬೇಡಿ, ಅದಕ್ಕೆ ಎಳೆಯುವ ಬೋಲ್ಟ್ ಬೇರೆ ಇದೆ.

ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು ಇದ್ದೇ ಇರುತ್ತದೆ. ಕಲ್ಲು ಹಾಕಿ ಕುಲುಕುವುದು, ಟಾಯ್ಲೆಟ್ ಆಸಿಡ್ ಸುರಿಯುವುದು ಎಲ್ಲ ನೋಡಿದ್ದೇನೆ. ಆಸಿಡ್ಡು ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ನಾನು ಮಾಡುವುದು ವಾಷಿಂಗ್ ಸೋಡಾ ಮತ್ತು ಬ್ಯಾಟರಿ ಚಾರ್ಜರಿನ ವಿಧಾನ. ಟ್ಯಾಂಕ್ ತುಂಬಾ ನೀರು, ಅದಕ್ಕೊಂದು ಮುಷ್ಟಿ ವಾಷಿಂಗ್ ಸೋಡಾ. ಅಡುಗೆ ಉಪ್ಪು ಖಂಡಿತ ಬೇಡ, ವಿಷದ ಗಾಳಿ ಏಳುತ್ತದೆ. ಮುಚ್ಚಳದ ಬಾಯಿಂದ ಒಂದು ಸಾದಾ ಕಬ್ಬಿಣದ ಸರಳು ಇಳಿಬಿಡಿ. ಅದು ಟ್ಯಾಂಕಿಗೆ ಎಲ್ಲೂ ತಾಗದಂತೆ ತೂತು ಕೊರೆದ ಪಿವಿಸಿ ಪೈಪಿನೊಳಗೆ ಇರಲಿ. ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಉಲ್ಟಾ ಆದರೆ ಟ್ಯಾಂಕೇ ಕರಗುತ್ತದೆ. ಸ್ಟೀಲ್ ಪಾತ್ರೆಯ ಜಾತಿಯ ಸ್ಟೇನ್‌ಲೆಸ್ ಸರಳು ಬೇಡ, ನೀರಿಗೆ ವಿಷ ಬಿಡುತ್ತದೆ. ಒಂದು ದಿನ ಬಿಟ್ಟರೆ ತುಕ್ಕು ಕಪ್ಪು ಕೆಸರಾಗಿ ಉದುರುತ್ತದೆ. ಆ ಹೊತ್ತಿಗೆ ಏಳುವ ಗುಳ್ಳೆ ಹೈಡ್ರೋಜನ್. ಬಯಲಿನಲ್ಲೇ ಮಾಡಿ, ಹತ್ತಿರ ಯಾರೂ ಬೀಡಿ ಹಚ್ಚಬಾರದು. ತೊಳೆದ ಕೂಡಲೇ ಒಣಗಿಸಿ, ಒಳಗೆಲ್ಲ 2ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಸವರಿ. ಒಂದು ಗಂಟೆ ತಡವಾದರೂ ಮತ್ತೆ ಕೆಂಪು ಹಿಡಿಯುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಪೈಪು, ಕಾಕಿನ ವಾಷರ್ ಎಲ್ಲ ಹೊಸದು ಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡಿ. ಪೆಟ್ರೋಲ್ ಲೀಟರಿಗೆ 40 ಮಿಲಿ 2ಟಿ ಆಯಿಲ್ ಬೆರೆಸುವುದು ನನ್ನ ಲೆಕ್ಕ, ರೀಬೋರ್ ಆದ ಹೊಸತರಲ್ಲಿ 50. ಬ್ರೇಕ್ ಡ್ರಮ್ ತೆಗೆದಾಗ ಆ ಪುಡಿಯನ್ನು ಊದಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ.

ಬಣ್ಣದ ಬಗ್ಗೆ ನನಗೊಂದು ನೋವಿದೆ. ಅಪ್ಪನ ಗಾಡಿಯ ಟ್ಯಾಂಕಿನ ಮೇಲೆ ಕೈಯಲ್ಲಿ ಎಳೆದ ಗೆರೆಗಳಿದ್ದವು. ಒಂದು ಕಡೆ ಬಾಗುವಲ್ಲಿ ಕುಂಚ ಎತ್ತಿದ ಗುರುತೂ ಕಾಣುತ್ತಿತ್ತು. ಒಂದು ಪೇಂಟ್ ಅಂಗಡಿಗೆ ಕೊಟ್ಟೆ. ಅವರು ಬುಡದವರೆಗೆ ಉಜ್ಜಿ, ಥಳಥಳ ಹೊಳೆಯುವ ಬಣ್ಣ ಹೊಡೆದು, ಗೆರೆಯ ಜಾಗಕ್ಕೆ ಸ್ಟಿಕ್ಕರ್ ಅಂಟಿಸಿ ಕೊಟ್ಟರು. ಅಪ್ಪ ನೋಡಿ ‘ಚೆನ್ನಾಗಿದೆ’ ಅಂದರು, ಆದರೆ ಟ್ಯಾಂಕಿನ ಮೇಲೆ ಮೊದಲಿನಂತೆ ಕೈ ಆಡಿಸಲಿಲ್ಲ. ನಿಮ್ಮ ತಾತನ ಗಾಡಿಯಲ್ಲಿ ಹಳೇ ಬಣ್ಣ ಅರ್ಧ ಉಳಿದಿದ್ದರೂ ಸಾಕು. ಸೀಮೆಎಣ್ಣೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಪಾಲಿಶ್ ಹಾಕಿ ಹಾಗೇ ಇಟ್ಟುಕೊಳ್ಳಿ. ಒಮ್ಮೆ ಉಜ್ಜಿ ತೆಗೆದದ್ದು ವಾಪಸ್ ಬರುವುದಿಲ್ಲ.

ಕಾಗದಪತ್ರವನ್ನು ಕೊನೆಯಲ್ಲಿ ಹೇಳುತ್ತಿದ್ದೇನೆ, ಆದರೆ ನೀವು ಮಾಡಬೇಕಾದ್ದು ಮೊದಲು. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಯಲ್ಲಿ ಇರುವುದಕ್ಕೆ ತಾಳೆಯಾಗುತ್ತವಾ ನೋಡಿ, ಫೋಟೋ ತೆಗೆದಿಡಿ. ಎಂಜಿನ್ ನಂಬರ್ ಇರುವ ಕೇಸನ್ನು ಬದಲಿಸಬೇಡಿ, ಚಾಸಿಸ್ ನಂಬರ್ ಮೇಲೆ ದಪ್ಪಗೆ ಪೇಂಟ್ ಮುಚ್ಚದಂತೆ ನೋಡಿಕೊಳ್ಳಿ. ತಾತ ಈಗಿಲ್ಲವಾದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31 ಇದೆ. ಹದಿನೈದು ವರ್ಷ ಮೀರಿದ ಗಾಡಿಯಾದ್ದರಿಂದ ಆರ್‌ಟಿಓ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಹೊಸ ಮಾದರಿಯ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ) ನಂಬರ್ ಪ್ಲೇಟೂ ಹಾಕಿಸಬೇಕು. 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ಬಗ್ಗೆ ಯಾರಾದರೂ ಹೇಳಿಯಾರು. ಅದು 50 ವರ್ಷ ದಾಟಿದ ಗಾಡಿಗಳಿಗೆ, ಅಲ್ಲದೆ ಆ ನೋಂದಣಿ ಇದ್ದರೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ನಿಮ್ಮದಕ್ಕೆ ಅದು ಬೇಕಿಲ್ಲ.

ಖರ್ಚು ಕೇಳಿದ್ದಿರಿ. ಎಲ್ಲವನ್ನೂ ಬಿಚ್ಚಿದ ಅಪ್ಪನ ಗಾಡಿಗೆ ಮೂರು ವರ್ಷದಲ್ಲಿ 95,000 ರೂಪಾಯಿ ಹತ್ತಿರ ಹೋಯಿತು, ಅದರಲ್ಲಿ ಅರ್ಧ ಬಣ್ಣಕ್ಕೂ ಕ್ರೋಮಿಗೂ. ಓಡಿಸಿ ನೋಡಿ ಬೇಕಾದಷ್ಟೇ ಮಾಡಿದ ರೋಡ್‌ಕಿಂಗ್‌ಗೆ 38,000. ಪಾನಾ ಸೆಟ್, ಒಂದು ಇಂಪ್ಯಾಕ್ಟ್ ಸ್ಕ್ರೂಡ್ರೈವರ್, ಫೀಲರ್ ಗೇಜ್, ಮಲ್ಟಿಮೀಟರ್ ಇಷ್ಟಿದ್ದರೆ ಶುರು ಮಾಡಲು ಸಾಕು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗುವುದಾದರೆ ಹಳೇ ಭಾಗವನ್ನು ಚೀಲದಲ್ಲಿ ತೆಗೆದುಕೊಂಡೇ ಹೋಗಿ, ಪಕ್ಕಪಕ್ಕ ಇಟ್ಟು ನೋಡಿ ಕೊಳ್ಳಿ. ಮಾಡೆಲ್ಲಿನಿಂದ ಮಾಡೆಲ್ಲಿಗೆ ಸಣ್ಣ ಸಣ್ಣ ವ್ಯತ್ಯಾಸಗಳಿವೆ, ಬಾಯಲ್ಲಿ ಹೇಳಿದರೆ ಬೇರೆಯದೇ ಕೈಗೆ ಬರುತ್ತದೆ.

ಈ ಭಾನುವಾರ ಊರಿಗೆ ಹೋಗಿ ಪ್ಲಗ್ ಬಿಚ್ಚಿ ಡೀಸೆಲ್ ಹಾಕಿ ಬನ್ನಿ. ಬಿಟ್ಟುಕೊಂಡ ದಿನ ಇಲ್ಲೇ ಬರೆಯಿರಿ. ಬೋರ್ ಅಳತೆ ಗೊತ್ತಾದರೆ ಅದನ್ನೂ ಸೇರಿಸಿ. ಪಿಸ್ಟನ್ ಹುಡುಕಲು ನಾನು ಜೊತೆಗಿರುತ್ತೇನೆ.