ಆಂಥೋನಿ ಮಿಂಘೆಲ್ಲಾ ರೇಡಿಯೋ, ಟಿವಿಯಿಂದ ಸಿನಿಮಾಕ್ಕೆ ಬಂದದ್ದು ಹೇಗೆ?

ಬ್ರಿಟಿಷ್ ಚಿತ್ರ ನಿರ್ದೇಶಕ ಮಿಂಘೆಲ್ಲಾ ಒಂದೇ ಸಲ ಜಿಗಿದು ಬಂದವರಲ್ಲ, ಬರೆಯುತ್ತಾ ಬರೆಯುತ್ತಾ ಬಂದವರು. 1954ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಹುಟ್ಟಿದರು. ಮನೆಯವರದ್ದು ಐಸ್‌ಕ್ರೀಮ್ ವ್ಯಾಪಾರ. ಹಲ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಪಾಠ ಮಾಡಿದರು. ಆಮೇಲೆ ನಾಟಕ, ಬಿಬಿಸಿ ರೇಡಿಯೋ, ಟಿವಿಗೆ 'ಇನ್‌ಸ್ಪೆಕ್ಟರ್ ಮೋರ್ಸ್' ಎಂಬ ಪತ್ತೇದಾರಿ ಧಾರಾವಾಹಿಯ ಕಂತುಗಳು, ಹೀಗೆ ಬರವಣಿಗೆ ನಡೆಯಿತು.

ನನ್ನ ಪ್ರಕಾರ ರೇಡಿಯೋನೇ ಅವರ ನಿಜವಾದ ಪಾಠಶಾಲೆ. ಅಲ್ಲಿ ಕಣ್ಣಿಗೆ ಏನೂ ಕಾಣಿಸಲ್ಲ, ದನಿ ಮತ್ತು ಮೌನ ಎರಡರಲ್ಲೇ ಇಡೀ ಕಥೆ ನಿಲ್ಲಬೇಕು ಅಲ್ವಾ? ಆ ಕಿವಿ ಅವರ ಸಿನಿಮಾಗಳಲ್ಲೂ ಇದೆ.

ಮೊದಲು ನಿರ್ದೇಶಿಸಿದ ಚಿತ್ರ 'ಟ್ರೂಲಿ ಮ್ಯಾಡ್ಲಿ ಡೀಪ್ಲಿ' (1990). ಬಿಬಿಸಿ ಟಿವಿಗೆಂದು ಮಾಡಿದ್ದು, ಥಿಯೇಟರ್‌ಗೂ ಬಂತು. ಸತ್ತ ಪ್ರಿಯಕರ ಮನೆಗೆ ವಾಪಸ್ ಬರುವ ಕಥೆ, ದುಃಖವನ್ನು ಇಷ್ಟು ಹತ್ತಿರದಿಂದ ತೋರಿಸಿದ ಚಿತ್ರ ನಾನು ಜಾಸ್ತಿ ನೋಡಿಲ್ಲ. 1996ರ 'ದಿ ಇಂಗ್ಲಿಷ್ ಪೇಷಂಟ್' 9 ಆಸ್ಕರ್ ಗೆದ್ದಿತು, ನಿರ್ದೇಶನದ್ದೂ ಸೇರಿ. ಅದರಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುವ ಸಿಖ್ ಸೈನಿಕ ಕಿಪ್‌ನ ಪಾತ್ರವನ್ನು ತಪ್ಪದೇ ಗಮನಿಸಿ.

ಅಷ್ಟಾದರೂ ಟಿವಿ ಬಿಡಲಿಲ್ಲ. ಬೋಟ್ಸ್‌ವಾನಾದಲ್ಲಿ ಚಿತ್ರೀಕರಿಸಿದ 'ದಿ ನಂ. 1 ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ' 2008ರ ಮಾರ್ಚ್‌ನಲ್ಲಿ ಬಿಬಿಸಿಯಲ್ಲಿ ಪ್ರಸಾರವಾಯಿತು, ಅವರು ತೀರಿಕೊಂಡ ಕೆಲವೇ ದಿನಗಳ ನಂತರ. ಆಗ ಅವರಿಗೆ ಬರೀ 54 ವರ್ಷ.